ದನಿ ತೆಗೆದ ಮದುವೆಗಳು

ಮತ್ತೆ ಅದೇ ಜಾಗದಲ್ಲಿ ನಿಂತಿತು. ಅಂಜನಾ ಕುರ್ಚಿಯಿಂದ ಎದ್ದು ಹಾರ್ಡ್ ಡಿಸ್ಕಿನ ವೈರನ್ನು ಕಿತ್ತು, ಬಾಯಿಂದ ಊದಿ, ಕಂಪ್ಯೂಟರಿನ ಹಿಂಬದಿಯ ಬೇರೊಂದು ತೂತಿಗೆ ಚುಚ್ಚಿದಳು. ಊದಿದರೆ ಸರಿಹೋಗುತ್ತದೆ ಎಂದು ಅವಳಿಗೆ ಯಾರು ಹೇಳಿಕೊಟ್ಟಿದ್ದರೋ, ಕೈಕಾಲು ಆಡದಿದ್ದಾಗ ಮನುಷ್ಯ ಏನಾದರೂ ಊದುತ್ತಲೇ ಇರುತ್ತಾನೆ. ಇದಕ್ಕೂ ಮುಂಚೆ ವೈರು ಬದಲಿಸಿದ್ದಾಗಿತ್ತು, ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದ್ದೂ ಆಗಿತ್ತು. ಪರದೆಯ ಮೇಲಿನ ಹಸಿರು ಪಟ್ಟಿ ಪ್ರತಿ ಸಲವೂ ಅರ್ಧಕ್ಕಿಂತ ತುಸು ಮುಂದೆ ಬಂದು, ಡಿಸ್ಕಿನಲ್ಲಿ ಜಾಗವಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿ ಕೈಚೆಲ್ಲುತ್ತಿತ್ತು. ಡಿಸ್ಕನ್ನು ತೆರೆದು ನೋಡಿದರೆ ಮುಕ್ಕಾಲು ಪಾಲು ಖಾಲಿ. ಖಾಲಿ ಇಟ್ಟುಕೊಂಡು ಜಾಗವಿಲ್ಲ ಎನ್ನುವ ಈ ಜಿಪುಣ ಯಂತ್ರದ ಜೊತೆ ಜಗಳವಾಡಲು ಅವಳಿಗೆ ಪುರುಸೊತ್ತಿರಲಿಲ್ಲ.

ಸಿರುಗುಪ್ಪದ ಬಜಾರಿನ ಆ ಸ್ಟುಡಿಯೋ ಅವಳ ಅಪ್ಪ ತಿಪ್ಪೇರುದ್ರಪ್ಪನದು. ಮದುವೆ ವಿಡಿಯೋ ತಿಪ್ಪೇರುದ್ರಪ್ಪ ಎಂದರೆ ಇತ್ತ ತುಂಗಭದ್ರೆಯ ದಂಡೆಯಿಂದ ಅತ್ತ ಕುರುಗೋಡಿನ ಬೆಟ್ಟದವರೆಗೆ ಎಲ್ಲರಿಗೂ ಗೊತ್ತು. ನಿನ್ನೆ ಸಂಜೆ ಇದೇ ಅಂಗಡಿಯ ಶಟರ್ ಎಳೆದು, ಬೀಗ ಹಾಕಲು ಬಗ್ಗಿದವನು ಹಾಗೇ ಕೂತುಬಿಟ್ಟ. ಪಕ್ಕದ ಅಂಗಡಿಯವರು ನೀರು ತರುವಷ್ಟರಲ್ಲಿ ಜೀವ ಹೋಗಿತ್ತು. ರಾತ್ರಿಯೇ ಹಿರಿಯರ ಮನೆಗೆ, ಕುರುಗೋಡಿಗೆ, ಒಯ್ದರು. ಈಗ ಅಲ್ಲಿ ಪಡಸಾಲೆಯಲ್ಲಿ ಕೂರಿಸಿ, ಹಣೆ ತುಂಬ ವಿಭೂತಿ ಹಚ್ಚಿ, ಭಜನೆ ಹಚ್ಚಿದ್ದರು. ಮೂರಕ್ಕೆ ಹೆಣ ಎತ್ತುವುದೆಂದು ಪೂಜೆಯ ಐನೋರು ಹೇಳಿದ್ದರು. ಒಬ್ಬಳೇ ಮಗಳು ಮಾತ್ರ ಇಲ್ಲಿ, ಅರ್ಧ ಎಳೆದ ಶಟರಿನ ಒಳಗೆ.

ಫೋನು ಬಡಿದುಕೊಂಡಿತು. ಅಪ್ಪನ ಅಣ್ಣ, ಚಿದಾನಂದ ದೊಡ್ಡಪ್ಪ.

"ಎಲ್ಲಿದ್ದೀಯವ್ವ?"

"ಸ್ಟುಡಿಯೋದಾಗ ಅದೀನಿ ದೊಡ್ಡಪ್ಪ. ಬರ್ತೀನಿ."

"ಬರ್ತೀನಿ ಅಂತ ಮುಂಜಾನಿಂದ ಅನ್ನಾಕತ್ತೀಯ. ಮಂದಿ ಕೇಳ್ತಾರ, ಮಗಳೆಲ್ಲಿ ಅಂತ. ಅಂಗಡಿ ತೆರದು ಕುಂತಾಳ ಅಂತ ಹೇಳ್ಲೇನು?"

"ಅವ್ವ ಕಳಿಸ್ಯಾಳ, ಅವ್ವನ್ನ ಕೇಳ್ರಿ."

"ನಿಮ್ಮವ್ವ ಬಾಯಿ ಬಿಟ್ರ ತಾನ. ನೋಡವ್ವ, ಮೂರು ಅಂದ್ರ ಮೂರು. ನಿನ್ನ ಸಲುವಾಗಿ ಹೊತ್ತು ನಿಲ್ಲಂಗಿಲ್ಲ."

ಅವಳು ಫೋನಿಟ್ಟು, ಇಷ್ಟು ಹೊತ್ತು ಅರ್ಧಕ್ಕೆ ನಿಂತಿದ್ದ ತುಂಡನ್ನೇ ಹಚ್ಚಿ ನೋಡಿದಳು. ಮದುವೆ ಮನೆ, ಬಾಜಾದವರು, ಅರಿಶಿಣದ ನೀರು. ಕ್ಯಾಮೆರಾದ ಹಿಂದಿನಿಂದ ಒಂದು ಗಂಡು ದನಿ: "ಲೈಟ್ ಕಡಿ ನೋಡ್ರೆಕ್ಕ." ಅಂಜನಾ ಪರದೆಯ ಹತ್ತಿರ ಬಗ್ಗಿದಳು. ಅದು ಅಪ್ಪನ ದನಿಯೇ? ಹಿಂದಕ್ಕೆ ಓಡಿಸಿ ಮತ್ತೆ ಕೇಳಿದಳು. ಸಣ್ಣಗೆ, ಹರೆಯದ ಹುಡುಗನ ದನಿಯ ಹಾಗಿತ್ತು. ಅಪ್ಪನದು ಹೀಗಿತ್ತೇ? ಗಡಸಾಗಿರಲಿಲ್ಲವೇ? ಹೌದೆನ್ನಲೂ ಅಲ್ಲವೆನ್ನಲೂ ಅವಳಿಗೆ ಆಗಲಿಲ್ಲ. ಹೆತ್ತ ಅಪ್ಪನ ದನಿಯೇ ಗುರುತು ಸಿಗದಷ್ಟು ಮರೆತೆನೇ ಎಂದು ಅವಳಿಗೆ ತನ್ನ ಮೇಲೆಯೇ ಹೆದರಿಕೆ ಬಂತು.

*

ಅದೇ ದಿನ ಬೆಳಗಿನ ಜಾವ ಕುರುಗೋಡಿನ ಮನೆಯಲ್ಲಿ ಭಜನೆಯವರು ಚಹಾ ಕುಡಿಯಲು ಎದ್ದಿದ್ದರು. ನೆರೆಮನೆಯ ಮಂಜಮ್ಮ ಹೆಣದ ಮುಂದಿನ ದೀಪಕ್ಕೆ ಎಣ್ಣೆ ಹಾಕುತ್ತ, "ಎಷ್ಟು ಮಂದಿ ಮದುವಿ ತಗದ ಈ ಪುಣ್ಯಾತ್ಮ. ನನ್ನ ಮೂರೂ ಮಕ್ಕಳದು ಈತಂದ," ಎಂದಳು.

"ಎಲ್ಲಾರದೂ ತಗದ, ಎಲ್ಲಾರಿಗೂ ಕೊಟ್ಟ," ಎಂದ ದೊಡ್ಡಪ್ಪ, ಕಂಬಕ್ಕೆ ಒರಗಿದಲ್ಲಿಂದಲೇ. "ನನ್ನ ಮಗಳದು ಮಾತ್ರ ಕೊಡಲಿಲ್ಲ. ಸೌಂದರ್ಯನ ಮಗ ಈಗ ಹೈಸ್ಕೂಲಿಗೆ ಹೊಂಟಾನ. ಮದುವಿ ವಿಡಿಯೋ ಇನ್ನಾ ಬರಾಕತ್ತೈತಿ."

"ಸತ್ತ ಮನ್ಯಾಗ ಅದ್ಯಾಕಪ್ಪ ಈಗ," ಎಂದಳು ಮಂಜಮ್ಮ.

"ಆಡಬಾರದು, ಖರೆ. ಆದ್ರ ಬೀಗರ ಮುಂದ ನಾನು ಎಷ್ಟು ಸಲ ತಲಿ ತಗ್ಗಿಸೀನಿ ಗೊತ್ತೇನು? ತಮ್ಮನ ಸ್ಟುಡಿಯೋ ಐತಿ, ಕ್ಯಾಸೆಟ್ಟಿಗೆ ಗತಿ ಇಲ್ಲ ಅಂತ ಆಡಿಕೆಂತಿದ್ರು. ಪುಕ್ಕಟೆ ಕೆಲಸ ನೋಡು, ಎಲ್ಲಾರದಕ್ಕಿಂತ ತಳಕ್ಕ ಹಾಕಿದ." ಹೇಳುತ್ತ ಹೇಳುತ್ತ ಅವನು ತಮ್ಮನ ಮುಖ ನೋಡಿದ, ಟವೆಲಿನಿಂದ ಕಣ್ಣು ಒತ್ತಿಕೊಂಡ. ಅತ್ತುಕೊಂಡೇ ಬೈಯುವುದು, ಬೈಯುತ್ತಲೇ ಅಳುವುದು ಚಿದಾನಂದಪ್ಪನಿಗೆ ಮೊದಲಿನಿಂದಲೂ ಒಗ್ಗಿದ ಕೆಲಸ.

ಅಂಜನಾಳ ಅವ್ವ ಅಕ್ಕನಾಗಮ್ಮ ಇದಾವುದಕ್ಕೂ ತಲೆ ಎತ್ತಲಿಲ್ಲ. ರಾತ್ರಿಯಿಂದ ಗಂಡನ ಮಂಡಿಯ ಪಕ್ಕ ಕೂತವಳು ಅತ್ತಿರಲಿಲ್ಲ, ನೀರು ಕುಡಿದಿರಲಿಲ್ಲ. ಅಳದ ಹೆಂಗಸನ್ನು ಕಂಡರೆ ಸಾವಿನ ಮನೆಗೆ ಬಂದವರಿಗೆ ದಿಗಿಲು. ಒಬ್ಬೊಬ್ಬರಾಗಿ ಬಂದು ಅಪ್ಪಿಕೊಂಡು ಅಳಿಸಲು ನೋಡಿ ಸೋತು ಹೋಗಿದ್ದರು. ಅಂಜನಾ ಚಹಾದ ಲೋಟ ಹಿಡಿದು ಪಕ್ಕದಲ್ಲಿ ಕೂತಾಗ ಅವಳು ಮೊದಲ ಸಲ ಬಾಯಿ ತೆರೆದಳು.

"ನಿಮ್ಮಪ್ಪನ ದನಿ ಮರತು ಹೋಗೇತವ್ವ ನನಗ."

"ಏನಂದಿ ಅವ್ವ?"

"ರಾತ್ರಿಯೆಲ್ಲ ನೆನಸಿಕೆಂಡೆ. ಏನೇನು ಅಂತಿದ್ದ ಅನ್ನೋದು ನೆನಪೈತಿ. ದನಿ ಬರವಲ್ಲದು. ಮಾರಿ ಇಲ್ಲೇ ಐತಿ, ನೋಡು, ದನಿ ಮಾತ್ರ ಬರವಲ್ಲದು."

ಅಂಜನಾ ಪಿಯುಸಿ ಓದುವಾಗ ಅಪ್ಪನ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡು, ಜೀವ ಉಳಿಸಲು ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು. ಆಗ ಮನೆಯಲ್ಲಿದ್ದದ್ದು ಗುಂಡಿ ಒತ್ತುವ ಫೋನು. ಅಪ್ಪನ ಮಾತನ್ನು ಹಿಡಿದಿಟ್ಟುಕೊಳ್ಳಬೇಕು ಎಂದು ಯಾರಿಗೆ ಹೊಳೆದೀತು? ಮನುಷ್ಯ ಉಳಿದನಲ್ಲ ಎಂಬ ಸಂತೋಷದಲ್ಲೇ ಎಲ್ಲರೂ ಇದ್ದರು.

"ಸೌಂದರ್ಯನ ಮದುವಿದು ಹಂಗ ಐತಿ," ಎಂದಳು ಅಕ್ಕನಾಗಮ್ಮ. "ಆಪರೇಶನ್ನಿನ ಮುಂಚಿಂದು. ನಿಮ್ಮ ದೊಡ್ಡಪ್ಪ ಬೈತಾನಲ್ಲ, ಅದ. ಅದರಾಗ ದನಿ ಇರತೈತಿ. ಮಣ್ಣಿಗೆ ಇಡೋದ್ರೊಳಗ ಒಂದ್ಸಲ ಕೇಳಿಸು."

"ನಾಳೆ ಹೋಗಿ ತರ್ತೀನಿ ಅವ್ವ. ಇವತ್ತು ನಾನು ಇಲ್ಲಿ ಇರಬೇಕಲ್ಲ."

"ನಾಳೆ ಮಾರಿ ಇರಂಗಿಲ್ಲ. ಬರೇ ದನಿ ಇಟ್ಟುಕೆಂಡು ಏನ್ ಮಾಡ್ಲಿ ನಾನು? ಎರಡೂ ಕೂಡಿ ಒಂದ್ಸಲ ಬೇಕು ನನಗ."

ಅಂಜನಾ ಗಂಡ ಕರಿಬಸವನಿಗೆ ಹೇಳಿ, ಸ್ಕೂಟಿ ತೆಗೆದುಕೊಂಡು ಹೊರಟಳು. ಹೆಣ ಮನೆಯಲ್ಲಿರುವಾಗ ಮಗಳು ಗಾಡಿ ಹತ್ತಿದ್ದನ್ನು ಓಣಿಯ ಕಟ್ಟೆಗಳೆಲ್ಲ ಕಣ್ಣು ಬಿಟ್ಟು ನೋಡಿದವು.

*

ಅವಳು ಸಾಲೆಗೆ ಹೋಗುವ ವಯಸ್ಸಿನಲ್ಲಿ ಬೇಸಿಗೆ ರಜೆ ಬಂತೆಂದರೆ ಅಪ್ಪನ ಜೊತೆ ಮದುವೆಗಳಿಗೆ ಹೋಗುತ್ತಿದ್ದಳು. ಕ್ಯಾಮೆರಾ ಹೆಗಲಿಗೇರಿತೆಂದರೆ ತಿಪ್ಪೇರುದ್ರಪ್ಪ ಮನೆಯಲ್ಲಿ ಕಂಡ ಮನುಷ್ಯನಾಗಿ ಉಳಿಯುತ್ತಿರಲಿಲ್ಲ. ಮನೆಯಲ್ಲಿ ಉಪ್ಪು ಬೇಕಾದರೂ ಮೆಲ್ಲಗೆ ಕೇಳುವವನು ಅಲ್ಲಿ ಊರಗೌಡರನ್ನೂ ಗದರುತ್ತಿದ್ದ. ಬೀಗರು ಕೈ ಜೋಡಿಸಬೇಕು, ಅತ್ತೆ ನಗಬೇಕು, ಮದುಮಗಳು ತಲೆ ಎತ್ತಬೇಕು. ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಮದುವೆ ಅಂದರೆ ಹೀಗೆಯೇ ನಡೆಯಬೇಕು ಎಂದು ಅವನಿಗೆ ಮಾತ್ರ ಗೊತ್ತಿರುವ ಹಾಗೆ ಎಲ್ಲರೂ ಕೇಳುತ್ತಿದ್ದರು.

ಆಮೇಲೆ ಸ್ಟುಡಿಯೋಕ್ಕೆ ಬಂದು ಕೂತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಹಾಗೆ ಗದರಿದ ತನ್ನದೇ ದನಿಯನ್ನು ಹುಡುಕಿ ಹುಡುಕಿ ತೆಗೆದುಹಾಕುತ್ತಿದ್ದ. ತೆಗೆದ ಜಾಗಕ್ಕೆಲ್ಲ ಶಹನಾಯಿ ಹಾಕುತ್ತಿದ್ದ. ಒಂದು ದಿನ ಅಂಜನಾ ಕೇಳಿದ್ದಳು.

"ನಿನ್ನ ದನಿ ಯಾಕ ತಗೀತಿ ಅಪ್ಪ? ಚೊಲೋ ಐತಲ್ಲ."

"ಮದುವಿ ಅವರದು. ಅವರ ಮನ್ಯಾಗ ನಾನು ಯಾಕ ದಿನಾ ಒದರಬೇಕು?" ಎಂದು ನಕ್ಕಿದ್ದ. "ಮುದುಕರಾದ ಮ್ಯಾಲೆ ನೋಡ್ತಾರ ಇದನ್ನ. ಆಗ ನಡುವ ನನ್ನ ದನಿ ಬಂದ್ರ, ಯಾರಿವ ಅಂತಾರ."

ಕೆಲಸ ಮುಗಿದ ಕ್ಯಾಸೆಟ್ಟುಗಳ ಮೇಲೆಯೇ ಮುಂದಿನ ಮದುವೆ ಹಿಡಿಯುತ್ತಿದ್ದ. ಹಾಗಾಗಿ ಮೂಲದಲ್ಲಿಯೂ ಅವನು ಉಳಿಯಲಿಲ್ಲ. ಊರೂರಿನ ಅಲಮಾರಿಗಳಲ್ಲಿ ಅವನು ಹಿಡಿದ ಮದುವೆಗಳು ಇದ್ದವು, ಅವನು ಎಲ್ಲಿಯೂ ಇರಲಿಲ್ಲ. ಸೌಂದರ್ಯಳ ಮದುವೆಯೊಂದು ಮಾತ್ರ, ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಇಳಿಸಿದ್ದು, ಯಾರೂ ಕೈ ಹಚ್ಚದೆ ಹಾಗೇ ಕೂತಿತ್ತು.

*

ಹಾಗೇ ಕೂತದ್ದು ಈಗ ಏಳಲೊಲ್ಲದು. ಅಂಜನಾ ಬಂದ ಕೂಡಲೇ ಆ ಫೈಲನ್ನು ಹಾಗೇ ಹಚ್ಚಿ ನೋಡಿದ್ದಳು. ಹಳೆಯ ಕಾಲದ ಫೈಲು, ಚಿತ್ರ ಓಡಿತು, ದನಿ ಬರಲಿಲ್ಲ. ಅದನ್ನು ದನಿ ಸಮೇತ ಓದುವುದು, ಹಳೆಯ ಫೈಲನ್ನು ಹೊಸದಕ್ಕೆ ಬದಲಿಸುವ ಅಪ್ಪನ ಕನ್ವರ್ಟರ್ ಒಂದೇ. ಇಡೀ ಫೈಲನ್ನು ಡಿಸ್ಕಿಗೆ ಕಾಪಿ ಮಾಡಲು ಹೋದರೆ ತುಂಬ ದೊಡ್ಡದಾಯಿತು ಎಂದು ಬಾಗಿಲಲ್ಲೇ ತಳ್ಳಿತು. ಕನ್ವರ್ಟ್ ಮಾಡಿ ಕಂಪ್ಯೂಟರಿನೊಳಗೇ ಇಟ್ಟುಕೊಳ್ಳೋಣವೆಂದರೆ ಅದರ ಹೊಟ್ಟೆ ಯಾರ್ಯಾರದೋ ಮದುವೆಗಳಿಂದ ಬಿರಿಯುವಂತಿತ್ತು. ಯಾವುದು ಕೊಟ್ಟದ್ದು, ಯಾವುದು ಕೊಡಬೇಕಾದದ್ದು ಎಂದು ತಿಳಿಯದೆ ಅಳಿಸಲು ಅವಳ ಕೈ ಬರಲಿಲ್ಲ. ಉಳಿದದ್ದು ಈ ಕಪ್ಪು ಡಿಸ್ಕು. ಇದು ನೋಡಿದರೆ ಖಾಲಿ ಹೊಟ್ಟೆಯಲ್ಲಿ ತೇಗುತ್ತಿತ್ತು.

ತಾನು ಬಳ್ಳಾರಿಯಲ್ಲಿ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು, ಈ ಡಿಸ್ಕಿನ ಕಾಯಿಲೆ ತನಗೆ ತಿಳಿಯದು ಎಂದು ಒಪ್ಪಿಕೊಳ್ಳಲು ಅವಳಿಗೆ ಅರ್ಧ ದಿನ ಬೇಕಾಯಿತು. ಕೊನೆಗೆ ಜಂಬುನಾಥನಿಗೆ ಫೋನು ಹಚ್ಚಿದಳು. ಅಪ್ಪನ ಕೈಕೆಳಗೆ ಕ್ಯಾಮೆರಾ ಕಲಿತು ಬಳ್ಳಾರಿಯಲ್ಲಿ ಸ್ವಂತ ಸ್ಟುಡಿಯೋ ಇಟ್ಟವನು. ಮಣ್ಣಿಗೆಂದು ಕುರುಗೋಡಿನ ಬಸ್ಸು ಹತ್ತಿದ್ದ.

"ಜಂಬಣ್ಣ, ಸೌಂದರ್ಯಕ್ಕನ ಮದುವ್ಯಾಗಿನ ಅಪ್ಪನ ದನಿ ಅವ್ವಗ ಕೇಳಿಸಬೇಕು. ಡಿಸ್ಕ್ ಖಾಲಿ ಐತಿ. ಜಾಗ ಇಲ್ಲ ಅಂತೈತಿ. ಅರ್ಧಕ್ಕ ನಿಂದರತೈತಿ."

"ನಿಂತದ್ದು ಎಷ್ಟು ದೊಡ್ಡದು ಐತಿ ನೋಡು. ನಾಕು ಜಿಬಿಗೆ ನಿಂತೈತೇನು?"

ಅರ್ಧಕ್ಕೆ ನಿಂತ ತುಂಡುಗಳನ್ನೆಲ್ಲ ನೋಡಿದಳು. ಒಂದೇ ಅಚ್ಚಿನಲ್ಲಿ ತೆಗೆದ ಇಟ್ಟಿಗೆಗಳ ಹಾಗೆ ಎಲ್ಲವೂ ಅಷ್ಟಷ್ಟೇ.

"ಹೂಂ. ಎಲ್ಲಾವೂ ನಾಕಕ್ಕ ನಿಂತಾವು."

ಜಂಬುನಾಥ ನಕ್ಕುಬಿಟ್ಟ. ಆಮೇಲೆ ಯಾವ ದಿನವೆಂದು ನೆನಪಾಗಿ ನಗು ತಡೆದ. "ನಿಮ್ಮಪ್ಪನ ಕೆಲಸ ಅದು. ಡಿಸ್ಕಿಗೆ ಏನೂ ಆಗಿಲ್ಲ ತಂಗಿ. ಅದನ್ನ ಹಳೇ ಪದ್ಧತಿಗೆ ಫಾರ್ಮ್ಯಾಟ್ ಮಾಡಿಟ್ಟಾನ. ಆ ಪದ್ಧತಿಯಾಗ ಒಂದು ಫೈಲು ನಾಕು ಜಿಬಿ ದಾಟಂಗಿಲ್ಲ. ಮನಿ ಎಷ್ಟು ದೊಡ್ಡದಿದ್ರೇನು, ಬಾಗಲಾ ಸಣ್ಣದು."

"ಹಂಗ್ಯಾಕ ಮಾಡಿಟ್ಟ?"

"ಹಳ್ಳಿ ಮನ್ಯಾಗಿನ ಹಳೇ ಟಿವಿ ಬ್ಯಾರೇದನ್ನ ಓದಂಗಿಲ್ಲ. ಈಗ ಎಲ್ಲಾರ ಮನಿಗೂ ಹೊಸ ಟಿವಿ ಬಂದಾವು ಅಂತ ಎಷ್ಟೋ ಸಲ ಹೇಳಿದೆ. ತಲಿ ಅಲ್ಲಾಡಿಸ್ತಿದ್ದ. ಒಂದ ಮನ್ಯಾಗ ಹತ್ತಲಿಲ್ಲ ಅಂದ್ರೂ ಅವರ ಮದುವಿ ಕಳದಂಗ ಅಂತ ಕೈ ಮಾಡಿ ತೋರಿಸ್ತಿದ್ದ. ಅದಕ್ಕ ಮದುವಿನ ತುಂಡು ತುಂಡು ಮಾಡಿ ಕೊಡ್ತಿದ್ದ. ನೀನು ಇಡೀ ಮದುವಿನ ಒಂದ ಸಲಕ್ಕ ತುರುಕಾಕ ಹೋಗೀಯ."

"ಫಾರ್ಮ್ಯಾಟ್ ಬದಲಿ ಮಾಡಿಬಿಡ್ಲೇನು?"

"ಬ್ಯಾಡ ಬ್ಯಾಡ. ಅದರಾಗ ಇದ್ದದ್ದೆಲ್ಲ ಅಳಿಸಿ ಹೋಗತೈತಿ. ಏನೈತಿ ನೋಡಿಯೇನು?"

ನೋಡಿದಳು. ಹಲಕುಂದಿಯದೊಂದು, ರೂಪನಗುಡಿಯದೊಂದು, ಎರಡು ಮದುವೆಗಳು ತುಂಡು ತುಂಡಾಗಿ, ಕೊಡಲು ತಯಾರಾಗಿ ಕೂತಿದ್ದವು. ನಿನ್ನೆ ಮುಗಿಸಿದ ಕೆಲಸವಿರಬೇಕು. ಆ ಎರಡು ಮನೆಯವರಿಗೆ ತಮ್ಮ ಮದುವೆ ಒಂದು ಕ್ಷಣ ಎಂಥ ಅಂಚಿನಲ್ಲಿ ನಿಂತಿತ್ತೆಂದು ಯಾವತ್ತೂ ಗೊತ್ತಾಗದು.

"ತಾಳಿಯಿಂದ ಮುಂದಿಂದು ಅಷ್ಟ ತಗೋ," ಎಂದ ಜಂಬುನಾಥ. "ಮೊದಲಿಂದು ಬಿಟ್ಟುಬಿಡು, ಅದು ನಾನು ಹಿಡಿದದ್ದು. ನಿಮ್ಮಪ್ಪ ಹುಡುಗಿಗೆ ಕಾಕ ಅಲ್ಲೇನು, ಪೂಜಿಗೆ ಕುಂತಿದ್ದ. ತಾಳಿ ಹೊತ್ತಿಗೆ ನನ್ನ ಕೈಯಾಗಿಂದ ಕ್ಯಾಮೆರಾ ಕಸಗೆಂಡ."

"ಹಂಗಾದ್ರ ಆ ಸಣ್ಣ ದನಿ ನಿಂದೇನು? ಲೈಟ್ ಕಡಿ ನೋಡ್ರೆಕ್ಕ ಅನ್ನೋದು?"

"ನಂದ ಇರಬೇಕು. ಯಾಕ?"

"ಏನಿಲ್ಲ." ಅವಳು ಕುರ್ಚಿಗೆ ಒರಗಿದಳು. ಅಪ್ಪನನ್ನು ಮರೆತಿರಲಿಲ್ಲ, ಅಪ್ಪ ಇನ್ನೂ ಬಂದಿರಲಿಲ್ಲ.

"ಒಂದು ಮಾತು ತಂಗಿ," ಎಂದ ಅವನು. ಬಸ್ಸಿನ ಗದ್ದಲದಲ್ಲಿ ದನಿ ಸಣ್ಣಗಾಯಿತು. "ಸೌಂದರ್ಯನ ಮದುವಿ ನಾನ ಮುಗಿಸಿ ಕೊಡ್ತೀನಿ ಕೊಡು ಅಂತ ಒಂದ್ಸಲ ಕುಂತಿದ್ದೆ, ಆಪರೇಶನ್ ಆಗಿ ವರ್ಷಾಗಿತ್ತು. ಶಹನಾಯಿ ಹಾಕಾಕ ಹೋದೆ. ನಿಮ್ಮಪ್ಪ ಮೌಸಿನ ಮ್ಯಾಲೆ ಕೈ ಇಟ್ಟು ನನ್ನ ಕೈ ಎತ್ತಿಬಿಟ್ಟ. ಹೆಡ್‌ಫೋನ್ ಕಸಗೆಂಡು ತಾನ ಹಾಕ್ಕೆಂಡ. ಎಷ್ಟೋ ಹೊತ್ತು ಕೇಳಿದ. ಆಮ್ಯಾಲೆ ಬಂದ್ ಮಾಡಿದ. ಅಣ್ಣನ ಕೈಲೆ ಅಷ್ಟು ವರ್ಷ ಬೈಸಿಗೆಂಡ, ಅದನ್ನ ಮಾತ್ರ ಮುಟ್ಟಗೊಡಲಿಲ್ಲ."

ಅಂಜನಾ ಫೋನನ್ನು ಮೇಜಿನ ಮೇಲಿಟ್ಟಳು. ನಿನ್ನೆ ಸಂಜೆಯಿಂದ ಬಾರದ ಅಳು ಈಗ ಬಂತು. ಅಣ್ಣನ ಮುಂದೆ ಜಿಪುಣನಾಗಿ, ಬೀಗರ ಮುಂದೆ ಸೋಮಾರಿಯಾಗಿ, ಅಪ್ಪ ಈ ಒಂದನ್ನು ಉಳಿಸಿಕೊಂಡು ಕೂತಿದ್ದ. ತಮಗೆ ಯಾರಿಗೂ ಒಂದು ಸಲವೂ ಕೇಳಿಸಲಿಲ್ಲ. ಕೇಳಿಸು ಎಂದು ತಾವೂ ಕೇಳಲಿಲ್ಲ. ಅವಳು ಮೂಗೊರೆಸಿಕೊಂಡು, ತಾಳಿ ಕಟ್ಟುವ ಜಾಗ ಹುಡುಕಿ, ಅಲ್ಲಿಂದ ಗುರುತು ಹಾಕಿ, ಕನ್ವರ್ಟ್ ಒತ್ತಿದಳು.

*

ಆಪರೇಶನ್ ಆದ ಮೇಲೆ ತಿಪ್ಪೇರುದ್ರಪ್ಪ ಹಿಡಿದ ಮೊದಲ ಮದುವೆಗೂ ಅಂಜನಾ ಹೋಗಿದ್ದಳು. ಹಂದರದಲ್ಲಿ ಮಂದಿಯೆಲ್ಲ ಮದುಮಕ್ಕಳ ಸುತ್ತ ಕೋಟೆ ಕಟ್ಟಿ ನಿಂತಿದ್ದರು. ಅಪ್ಪ ರೂಢಿಯಂತೆ ಬಾಯಿ ತೆರೆದ. ಉಸಿರಷ್ಟೇ ಬಂತು. ಕುತ್ತಿಗೆಗೆ ಸುತ್ತಿದ್ದ ಕರವಸ್ತ್ರ ಒಂದಿಷ್ಟು ಅಲುಗಿತು. ಯಾರೂ ಸರಿಯಲಿಲ್ಲ, ಯಾರಿಗೂ ಕೇಳಿರಲಿಲ್ಲ. ಅವಳು ತಾನೇ ಕೂಗಿ ಹೇಳಬೇಕೆಂದುಕೊಂಡಳು, ನಾಚಿಕೆಗೆ ನಾಲಿಗೆ ಏಳಲಿಲ್ಲ. ಆಗ ಅಪ್ಪ ಕ್ಯಾಮೆರಾವನ್ನು ಅವಳ ಕೈಗೆ ಕೊಟ್ಟು ಜೋರಾಗಿ ಚಪ್ಪಾಳೆ ತಟ್ಟಿದ. ಮಂದಿ ತಿರುಗಿ ನೋಡಿದರು, ಒಬ್ಬಿಬ್ಬರು ನಕ್ಕರು. ಅವನೂ ನಕ್ಕು, ಎರಡು ಕೈಯಿಂದ ನೀರು ಸರಿಸುವವನಂತೆ ಅವರನ್ನು ಎರಡು ಕಡೆ ಸರಿಸಿದ.

ಅಲ್ಲಿಂದ ಮುಂದೆ ಅವನು ಚಪ್ಪಾಳೆ ತಿಪ್ಪಣ್ಣನಾದ. ಮನೆಯಲ್ಲಿ ಹೆಂಡತಿಯನ್ನು ಕರೆಯುವುದಕ್ಕೂ ಚಪ್ಪಾಳೆಯೇ. ಅಕ್ಕನಾಗಮ್ಮ ಅಡುಗೆಮನೆಯಿಂದ, "ಬಂದೆ, ಎಷ್ಟು ತಟ್ಟತೀಯ, ಕೈ ನೋಯಂಗಿಲ್ಲೇನು," ಎನ್ನುತ್ತ ಬರುತ್ತಿದ್ದಳು. ಹಾಗೆ ಬರುತ್ತ ಬರುತ್ತಲೇ ಅವಳಿಗೆ ಅವನ ದನಿ ಮರೆತುಹೋಗಿರಬೇಕು.

*

ಹಸಿರು ಪಟ್ಟಿ ಕೊನೆ ಮುಟ್ಟಿದಾಗ ಮೂರು ದಾಟಿತ್ತು. ನಡುವೆ ಕರೆಂಟು ಹೋಗಿ, ಯುಪಿಎಸ್ ಕೂಗಿಕೊಂಡು, ಮತ್ತೆ ಕರೆಂಟು ಬರುವವರೆಗೆ ಅಂಜನಾ ಆ ಪಟ್ಟಿಯಿಂದ ಕಣ್ಣು ಕಿತ್ತಿರಲಿಲ್ಲ. ತುಂಡನ್ನು ಫೋನಿಗೂ ಹಾಕಿಕೊಂಡಳು. ಒಮ್ಮೆ ಒತ್ತಿ ಕೇಳಿಬಿಡಬೇಕೆಂದು ಬೆರಳು ಹೋಯಿತು, ಹಿಂದಕ್ಕೆ ತೆಗೆದುಕೊಂಡಳು. ಕೇಳಿದರೆ ಮೊದಲು ಅವ್ವ ಕೇಳಬೇಕು. ಕರಿಬಸವನಿಗೆ ಫೋನು ಮಾಡಿದಳು.

"ಎತ್ತಿದ್ರೇನು?"

"ಹೂವಿನ ವಿಮಾನದಾಗ ಕುಂದರಿಸ್ಯಾರ, ಹೆಗಲು ಕೊಡಾಕ ನಿಂತಾರ. ನಾನು ಏನೇನೋ ನೆಪ ಹೇಳಿ ನಿಂದ್ರಿಸೀನಿ. ನಿಮ್ಮ ದೊಡ್ಡಪ್ಪ ನನ್ನ ತಿಂದುಬಿಡ್ತಾನ. ಲಗೂ ಬಾ."

ಭತ್ತದ ಗದ್ದೆಗಳ ನಡುವಿನ ರಸ್ತೆ, ಎದುರಿಗೆ ಹುಲ್ಲಿನ ಟ್ರ್ಯಾಕ್ಟರುಗಳು. ಒಂದೊಂದೂ ರಸ್ತೆಯನ್ನೇ ಬಳುವಳಿ ಪಡೆದ ಹಾಗೆ ನಡುವೆಯೇ ಬರುತ್ತಿತ್ತು. ಅಪ್ಪನ ಮಣ್ಣಿಗೆ ಹೋಗುತ್ತಿದ್ದೇನೆ ಎಂದು ಅವಕ್ಕೆ ಹಾರ್ನಿನಲ್ಲಿ ಹೇಗೆ ಹೇಳುವುದು? ದನಿ ಸಿಕ್ಕಿತು, ಮುಖ ತಪ್ಪಿದರೆ ಏನು ಬಂತು ಎಂದು ದಾರಿಯುದ್ದಕ್ಕೂ ತಳಮಳಿಸಿದಳು.

ಕುರುಗೋಡಿನ ಮನೆ ಮುಟ್ಟಿದಾಗ ಮಂಜಮ್ಮ ಒಬ್ಬಳೇ ಪಡಸಾಲೆ ತೊಳೆಯುತ್ತಿದ್ದಳು. ಹೆಣ ಹೊರಟ ಮೇಲೆ ಮನೆ ತೊಳೆಯಬೇಕು, ಆ ನೀರು ಮೆಟ್ಟಿಲಿಳಿದು ಓಣಿಗೆ ಬಂದಿತ್ತು.

"ಹೋದ್ರವ್ವ. ಆಗಲೇ ಹೋದ್ರು. ಗುಡ್ಡದ ಕಡಿ ಹೋಗು, ಇಳಿಬ್ಯಾಡ ಗಾಡಿ."

ಬೆಟ್ಟದ ಬುಡದ ರುದ್ರಭೂಮಿಯಲ್ಲಿ ಹೂವಿನ ವಿಮಾನ ಖಾಲಿಯಾಗಿ ಒಂದು ಕಡೆ ಕೂತಿತ್ತು. ಅಪ್ಪನನ್ನು ಕುಣಿಯೊಳಗೆ ಇಳಿಸಿ, ಅದರ ಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಕೂರಿಸಿಯಾಗಿತ್ತು. ಐನೋರು ಮಂತ್ರ ಮುಗಿಸಿ ಮೇಲೆ ಬಂದಿದ್ದರು, ಒಬ್ಬೊಬ್ಬರೇ ಪತ್ರಿ ಹಾಕಿ ಹಿಂದೆ ಸರಿಯುತ್ತಿದ್ದರು. ಗುದ್ದಲಿಯವರು ಮಣ್ಣಿನ ಗುಡ್ಡೆಯ ಮೇಲೆ ತಯಾರಾಗಿ ನಿಂತಿದ್ದರು. ದೊಡ್ಡಪ್ಪ ಕುಣಿಯ ಅಂಚಿನಲ್ಲಿ ಸೊಂಟಕ್ಕೆ ಟವೆಲು ಕಟ್ಟಿ, ಇವರು ಬರ್ರಿ, ಅವರು ಸರೀರಿ ಎಂದು ಮಂದಿಯನ್ನು ಸಾಲು ಹಚ್ಚುತ್ತಿದ್ದ. ಅವನ ಬೆನ್ನ ಹಿಂದೆ, ಹೆಂಗಸರ ನಡುವೆ, ಅವ್ವ. ಅವಳ ಕಣ್ಣು ಕುಣಿಯ ಕಡೆ ಇರಲಿಲ್ಲ, ದಾರಿಯ ಕಡೆ ಇತ್ತು.

"ಬಂದ್ಯಾ," ಎಂದ ದೊಡ್ಡಪ್ಪ. "ಬಾ, ಪತ್ರಿ ಹಾಕು. ಮಣ್ಣು ಎಳಿಯಾಕ ನಿಂತಾರ."

"ದೊಡ್ಡಪ್ಪ, ಒಂದೀಟು ತಡೀರಿ. ಅವ್ವಗ ಒಂದು ಕೇಳಿಸಬೇಕು."

"ಏನು ಕೇಳಿಸಬೇಕು? ಇದು ಮಣ್ಣು, ಮದುವಿ ಅಲ್ಲ."

"ಮದುವಿನ ತಂದೀನಿ," ಎಂದಳು ಅಂಜನಾ. ಉಸಿರು ಇನ್ನೂ ಹತೋಟಿಗೆ ಬಂದಿರಲಿಲ್ಲ. "ಸೌಂದರ್ಯಕ್ಕಂದು. ಅಪ್ಪ ಅದರಾಗ ಮಾತಾಡ್ಯಾನ."

ಚಿದಾನಂದಪ್ಪ ತಿರುಗಿ ಐನೋರ ಕಡೆ ನೋಡಿದ. ಐನೋರು ಹೊತ್ತಿನ ಕಡೆ ನೋಡಿದರು, ಆಮೇಲೆ ಅಕ್ಕನಾಗಮ್ಮನ ಕಡೆ ನೋಡಿ, "ಕೇಳಿಸವ್ವ," ಎಂದರು.

ಭಜನೆಯವರ ಆಟೋದಲ್ಲಿ ಸ್ಪೀಕರು ಕಟ್ಟಿದ್ದರು. ಭಜನೆಯ ಕೊಟ್ಟೂರಪ್ಪ ತನ್ನ ಮೈಕಿನ ವೈರು ಕಿತ್ತು, ಅಲ್ಲಿಗೆ ಅವಳ ಫೋನು ಸಿಕ್ಕಿಸಿಕೊಟ್ಟ. ಅವಳು ಒತ್ತಿದಳು.

ಮೊದಲು ಬಾಜಾ ಬಂತು. ರುದ್ರಭೂಮಿಯಲ್ಲಿ ಮದುವೆಯ ಬಾಜಾ ಕೇಳಿ ಒಬ್ಬಿಬ್ಬರು ಮುಖ ಸಿಂಡರಿಸಿದರು. ಅಕ್ಕಿಕಾಳು ಬಿದ್ದ ಗದ್ದಲ, ಮಕ್ಕಳ ಕೂಗು, ಯಾರೋ ಯಾರನ್ನೋ ಕರೆದದ್ದು. ಅದರ ನಡುವೆ ಚಿದಾನಂದಪ್ಪನದೇ ದನಿ, ಈಗಿನದಕ್ಕಿಂತ ಗಟ್ಟಿ: "ಲೇ ತಿಪ್ಪಿ, ಬೀಗರನ್ನ ಹಿಡಿಲೇ, ಬೀಗರು ಬಿಟ್ಟು ಹೋದ್ರು."

ತನ್ನ ದನಿಯೇ ತನ್ನ ಮೇಲೆ ಬಂದದ್ದಕ್ಕೆ ಚಿದಾನಂದಪ್ಪ ತಬ್ಬಿಬ್ಬಾಗಿ ಕುಣಿಯ ಅಂಚಿನಲ್ಲೇ ಕಂಬದಂತೆ ನಿಂತ. ಬಾಜಾ ಒಂದು ಗಳಿಗೆ ಉಸಿರು ತೆಗೆದುಕೊಂಡಿತು. ಆಗ ಕ್ಯಾಮೆರಾದ ಹತ್ತಿರದಿಂದ, ಎಲ್ಲ ದನಿಗಳಿಗಿಂತ ಹತ್ತಿರದಿಂದ, ತುಸು ಒಡಕು, ತುಸು ನಗು ಬೆರೆತ ದಪ್ಪ ದನಿ ಬಂತು.

"ಅಣ್ಣ, ನೀನ ಅಡ್ಡ ನಿಂತೀಯಪ. ಹಿಂದಿನೋರಿಗೆ ಏನೂ ಕಾಣವಲ್ಲದು. ಒಂದೀಟು ಸರಿ."

ಚಿದಾನಂದಪ್ಪ ಸ್ಪೀಕರಿನ ಕಡೆ ನೋಡಲಿಲ್ಲ, ಕುಣಿಯ ಕಡೆಯೂ ನೋಡಲಿಲ್ಲ. ತಲೆ ತಗ್ಗಿಸಿ ಪಕ್ಕಕ್ಕೆ ಸರಿದ.

"ಇನ್ನೂ ಒಂದೀಟು."

ಇನ್ನೂ ಒಂದು ಹೆಜ್ಜೆ ಸರಿದ. ಹಸಿ ಮಣ್ಣು ಅವನ ಕಾಲ ಕೆಳಗೆ ಸ್ವಲ್ಪ ಜಾರಿತು, ಗುದ್ದಲಿ ಹಿಡಿದವನೊಬ್ಬ ತೋಳು ಕೊಟ್ಟ.

"ಹಾಂ, ಸಾಕು. ಅಲ್ಲೇ ನಿಲ್ಲು."

ಚಿದಾನಂದಪ್ಪ ಅಲ್ಲೇ ನಿಂತ. ಅವನು ಬಿಟ್ಟುಕೊಟ್ಟ ಜಾಗದಲ್ಲಿ ಅಕ್ಕನಾಗಮ್ಮನಿಗೆ ಕುಣಿಯ ಒಳಗಿನ ಗೂಡು, ಪತ್ರಿಯ ರಾಶಿಯ ಮೇಲೆ ವಿಭೂತಿ ಬಳಿದ ಮುಖ, ಎರಡೂ ಕಾಣಿಸಿದವು. ಅವಳು ತನ್ನನ್ನು ಹಿಡಿದುಕೊಂಡಿದ್ದ ಹೆಂಗಸರ ಕೈ ಬಿಡಿಸಿಕೊಂಡು, ಸೆರಗನ್ನು ತಲೆಯ ಮೇಲೆ ಸರಿಯಾಗಿ ಹೊದ್ದು, ಅವನ ಕ್ಯಾಮೆರಾದ ಮುಂದಿನ ಮದುಮಗಳ ಹಾಗೆ ಮುಖ ಎತ್ತಿ ನಿಂತಳು.